ಕಟ್ಟೆಯಲ್ಲಿ ನಿಂತ ಕಾಗದಗಳು

ಕಂತು ಹನ್ನೊಂದು

"ಈ ಪಟ್ಟಿಯಲ್ಲಿ ಮೇಷ್ಟ್ರ ಹೆಸರು ಯಾಕಿಲ್ಲ?"

ಗೋಡೆಗೆ ಅಂಟಿಸಿದ್ದ ಹಾಳೆಯ ಮೇಲೆ ಬೆರಳಿಟ್ಟುಕೊಂಡೇ ಟೆಲಿಫೋನಕ್ಕ ಕೇಳಿದಳು. ಮೇಲಿನಿಂದ ಕೆಳಗೆ ಒಂದು ಸಲ, ಕೆಳಗಿನಿಂದ ಮೇಲೆ ಒಂದು ಸಲ ಓದಿ ಆಗಿತ್ತು.

ದೂರಿನಮ್ಮ ಫೋನಿನ ಬಾಯಿಗೆ ಅಂಗೈ ಮುಚ್ಚಿ, "ಒಂದು ನಿಮಿಷ ಅಕ್ಕಾ" ಎಂದಳು. ದುಡ್ಡು ಕೇಳದೆ ಊರಿಗೆಲ್ಲ ಇ-ಮೇಲ್ ಸೇವೆ ಕೊಡುವ ಆ ಕಂಪನಿಯಲ್ಲಿ ದೂರು ವಿಭಾಗವೆಂದರೆ ಅವಳೊಬ್ಬಳೇ. ಒಂದು ಮೇಜು, ಎರಡು ಫೋನು, ಒಂದು ನೀರಿನ ಬಾಟಲಿ.

"ಇಲ್ಲಮ್ಮಾ," ಎಂದು ಫೋನಿಗೆ ಹೇಳಿದಳು, "ನೀವು ಬೈದು ಬರೆದಿದ್ದನ್ನ ನಿಮ್ಮ ಬೀಗಿತ್ತಿ ಆಗಲೇ ಓದಿಬಿಟ್ಟಿದ್ದಾರೆ. ಅವರ ಪೆಟ್ಟಿಗೆಯಿಂದ ತೆಗೆಯೋಕೆ ನನ್ನಿಂದ ಆಗಲ್ಲ. ತೆಗೆದ್ರೂ ಅವರ ತಲೆಯಿಂದ ಹೇಗೆ ತೆಗೀಲಿ ಹೇಳಿ?"

ಫೋನಿಟ್ಟು ಉಸ್ಸೆಂದಳು. "ಏನಂದ್ರಿ? ಅದು ಅಳಿಸೋ ಪಟ್ಟಿ ಅಕ್ಕಾ. ಹನ್ನೊಂದು ತಿಂಗಳು ಯಾರೂ ತೆಗೆದು ನೋಡದ ಪೆಟ್ಟಿಗೆಗಳು ಅದರಲ್ಲಿ ಬರುತ್ತೆ. ಒಂದು ವಾರ ಗೋಡೆ ಮೇಲಿರುತ್ತೆ, ಆಮೇಲೆ ಅಳಿಸಿಬಿಡ್ತೀವಿ. ಬಿಟ್ಟಿ ಕೊಡೋದಲ್ವಾ, ಎಲ್ಲರಿಗೂ ಜಾಗ ಸಾಲಬೇಕಲ್ಲ."

"ಮೇಷ್ಟ್ರು ಹೋಗಿ ಎಷ್ಟು ತಿಂಗಳಾಯ್ತು?"

"ಹನ್ನೊಂದು..." ಎಂದ ದೂರಿನಮ್ಮ ತಾನೇ ಎದ್ದು ಬಂದು ಪಟ್ಟಿ ನೋಡಿದಳು. 

ಈ ಮೇಲ್ ಸೇವೆಯನ್ನು ಕಟ್ಟಿದ ಮೇಷ್ಟ್ರು ಹನ್ನೊಂದು ತಿಂಗಳ ಹಿಂದೆ ಒಂದು ಸಂಜೆ ಕೈಚೀಲ ಹಿಡಿದು ಮನೆಯಿಂದ ಹೊರಟವರು, ಆಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬದುಕಿದ್ದಾರೋ ಇಲ್ಲವೋ ಪತ್ತೆ ಮಾಡಿಕೊಡಿ ಎಂದು ಅವರ ಹೆಂಡತಿ, ಊರಿನಲ್ಲಿ ಕಾಣೆಯಾದವರನ್ನು ಹುಡುಕಿಕೊಡುವ ಟೆಲಿಫೋನಕ್ಕನ ಬಳಿ ಬಂದಿದ್ದಳು.

"ಬದುಕಿದ್ದಾರೆ," ಎಂದಳು ಟೆಲಿಫೋನಕ್ಕ ಮೆಲ್ಲಗೆ. "ಇಲ್ಲದಿದ್ರೆ ಅವರ ಪೆಟ್ಟಿಗೆ ತೆಗೆದು ನೋಡ್ತಿರೋದು ಯಾರು?"

ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಆ ಹೆಂಡತಿ ಕುಳಿತಿದ್ದಳು. ಹಲ್ಲಿನ ಡಾಕ್ಟರುಗಳಿಗೆ ಕೃತಕ ಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಅವಳ ಕೆಲಸ. ಊಟದ ಬಿಡುವಿನಲ್ಲಿ ಏಪ್ರನ್ ಬಿಚ್ಚದೆ ಓಡಿ ಬಂದಿದ್ದಳು. ಉಗುರಿನ ಸಂದಿಯಲ್ಲಿ ಪ್ಲಾಸ್ಟರಿನ ಬಿಳಿ ಹಾಗೇ ಇತ್ತು. ಇತ್ತ ನಡೆದ ಮಾತು ಅಷ್ಟು ದೂರಕ್ಕೆ ಕೇಳಿಸಿರಲಿಲ್ಲ.

ಟೆಲಿಫೋನಕ್ಕ ಅವಳ ಕಡೆ ಒಂದು ಹೆಜ್ಜೆ ಇಟ್ಟು ನಿಂತಳು. ಅರ್ಧ ಸುದ್ದಿ ಹೇಳುವುದು ಬೇಡವೆನಿಸಿತು. ಬದುಕಿದ್ದಾರೆ ಎಂದ ಕೂಡಲೇ ಅವಳು ಕೇಳುವ ಎರಡನೆಯ ಪ್ರಶ್ನೆಗೆ ಉತ್ತರ ಕೈಯಲ್ಲಿರಬೇಕು. ಹಾಗಾದರೆ ನನಗೆ ಯಾಕೆ ಒಂದು ಸಾಲೂ ಬರೆಯಲಿಲ್ಲ?

ಆ ಉತ್ತರ ಒಳಗಿನ ಕೋಣೆಯಲ್ಲಿತ್ತು.

*

ಒಳಗಿನ ಕೋಣೆಯ ಯಜಮಾನನನ್ನು ಅವನ ಬೆನ್ನ ಹಿಂದೆ ಎಲ್ಲರೂ ಶಿಷ್ಯ ಎಂದೇ ಕರೆಯುತ್ತಿದ್ದರು. ಮೇಷ್ಟ್ರ ಹತ್ತಿರ ಶಾಲೆಯಲ್ಲಿ ಲೆಕ್ಕ ಕಲಿತವನು. ನಲವತ್ತು ದಾಟಿ ತಲೆ ಬೋಳಾದರೂ ಹೆಸರು ಬಿಟ್ಟಿರಲಿಲ್ಲ.

ಕಿಟಕಿಯ ಪಕ್ಕ ಹಳೆಯ ಹೊದಿಕೆ ಮುಚ್ಚಿದ ಯಂತ್ರವೊಂದಿತ್ತು. ಟೆಲಿಫೋನಕ್ಕ ಹೊದಿಕೆಯ ತುದಿ ಎತ್ತಿ ನೋಡಿದಳು.

"ಅದೇ ಮೊದಲನೇದು," ಎಂದ ಶಿಷ್ಯ. "ಬೇಕರಿ ಮೇಲಿನ ಬಾಡಿಗೆ ಕೋಣೆಯಲ್ಲಿ ಶುರು ಮಾಡಿದ್ವಿ. ಕೆಳಗೆ ಓವನ್ನಿನ ಬಿಸಿ, ಮೇಲೆ ಇದರ ಬಿಸಿ. ಒಬ್ಬೊಬ್ಬರಿಗೆ ಎರಡು ಫೋಟೊ ಹಿಡಿಸೋಷ್ಟು ಜಾಗ ಕೊಡ್ತಿದ್ವಿ ಅಷ್ಟೇ. ಸಾವಿರ ಕಾಗದದಲ್ಲಿ ಬೇಕಾದ್ದನ್ನ ಒಂದು ಪದ ಹೇಳಿ ಹುಡುಕೋದು, ಪ್ರಶ್ನೆ ಉತ್ತರ ಒಂದರ ಕೆಳಗೊಂದು ಪೋಣಿಸೋದು, ಕಸ ಬೇರೆ ಮಾಡೋದು, ಎಲ್ಲಾ ಆಮೇಲೆ ಬಂತು. ಮೇಲ್ ಅಂದ್ರೆ ಮೇಷ್ಟ್ರಿಗೆ ಆಗ್ತಿರಲಿಲ್ಲ. ಕಾಗದ ಅನ್ನಪ್ಪಾ, ಯಾರೋ ಕೂತು ಬರೆದಿರೋದು ಅದು, ಅಂತಿದ್ರು."

"ಕಟ್ಟೆ ಯಾವಾಗ ಬಂತು?"

ಶಿಷ್ಯನ ಕೈ ಮೇಜಿನ ಮೇಲೆ ನಿಂತಿತು. "ಕಟ್ಟೆ ವಿಷಯ ನಿಮಗೆ ಯಾರು ಹೇಳಿದ್ರು?"

"ಮೇಷ್ಟ್ರ ತಂಗಿ. ಅದು ಹುಟ್ಟಿದ್ದು ಹೇಗೆ ಅಂತ ಹೇಳಿದ್ರು. ಕೆಲಸ ಮಾಡೋದು ಹೇಗೆ ಅಂತ ನೀವು ಹೇಳಿ."

ಹುಟ್ಟಿದ್ದು ಹೀಗೆ. ಮೇಷ್ಟ್ರು ಒಂದು ಸಲ ಸಿಟ್ಟಿನಲ್ಲಿ ತಂದೆಗೆ ಬರೆದು ಗುಂಡಿ ಒತ್ತಿದ್ದರು. ಒತ್ತಿ ಹತ್ತು ಎಣಿಸುವಷ್ಟರಲ್ಲಿ ಬೇಡವಾಗಿತ್ತು ಎನಿಸಿತು. ಅಷ್ಟರಲ್ಲಿ ಅದು ತಲುಪಿ ಆಗಿತ್ತು. ತಂದೆ ಅದಕ್ಕೆ ಉತ್ತರ ಬರೆಯಲಿಲ್ಲ, ಬರೆಯುವಷ್ಟು ದಿನ ಉಳಿಯಲೂ ಇಲ್ಲ. ಕರ್ಮ ಕಳೆದ ಮೂರನೆಯ ವಾರವೇ ಮೇಷ್ಟ್ರು ಬೇಕರಿಯ ಮೇಲಿನ ಕೋಣೆಗೆ ಹೋಗಿ ಕುಳಿತು, ಇನ್ನು ಮುಂದೆ ಪ್ರತಿ ಕಾಗದವೂ ಹೊರಡುವ ಮೊದಲು ಹತ್ತು ಸೆಕೆಂಡು ನಿಲ್ಲಬೇಕು ಎಂದು ಕಟ್ಟೆ ಕಟ್ಟಿದರು. ಆ ಹತ್ತು ಸೆಕೆಂಡಿನಲ್ಲಿ ಬರೆದವರು ಹಿಂದಕ್ಕೆ ಕರೆದುಕೊಳ್ಳಬಹುದು.

"ಹತ್ತು ಸೆಕೆಂಡು ಆದ್ಮೇಲೆ ತಾನಾಗೇ ಹೊರಡುತ್ತೆ," ಎಂದ ಶಿಷ್ಯ.

"ಎಲ್ಲರದ್ದೂನಾ?"

ಅವನು ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸತೊಡಗಿದ.

ಟೆಲಿಫೋನಕ್ಕ ಕುರ್ಚಿ ಎಳೆದುಕೊಂಡು ಕುಳಿತಳು. "ನಾನು ಇಪ್ಪತ್ತು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಕರೆಗಳನ್ನ ಜೋಡಿಸಿದವಳು. ಈ ಕಡೆಯವರು ಹಲೋ ಹಲೋ ಅಂತಾರೆ, ಆ ಕಡೆಯವರೂ ಹಲೋ ಹಲೋ ಅಂತಾರೆ. ಇಬ್ಬರೂ ಅವರೇ ಮಾತಾಡ್ತಿಲ್ಲ ಅಂತ ಮುನಿಸಿಕೊಂಡು ಇಟ್ಟುಬಿಡ್ತಾರೆ. ತಪ್ಪು ಇಬ್ಬರದ್ದೂ ಅಲ್ಲ, ನಡುವಿನ ಪಿನ್ನು ಸಡಿಲ ಆಗಿರುತ್ತೆ. ಮೇಷ್ಟ್ರು ಹೆಂಡತಿಗೆ ಬರೆದಿಲ್ಲ. ಪ್ರತಿ ತಿಂಗಳು ಒಂದನೇ ತಾರೀಖು ತಂಗಿಗೆ ಬರೀತಿದ್ದವರು, ಅವಳಿಗೂ ಬರೆದಿಲ್ಲ, ಅವಳೂ ಮುನಿಸಿಕೊಂಡು ಬರೆಯೋದು ಬಿಟ್ಟಿದ್ದಾಳೆ. ಆದ್ರೆ ಪೆಟ್ಟಿಗೆ ಮಾತ್ರ ತೆಗೆದು ನೋಡ್ತಾನೇ ಇದ್ದಾರೆ. ಬರೋ ಕಾಗದ ಕಾಯೋ ಮನುಷ್ಯ ಬರೆಯದೇ ಇರ್ತಾನಾ? ನಡುವೆ ಪಿನ್ನು ಕಿತ್ತವರು ಯಾರು?"

ಹೊರಗೆ ದೂರಿನಮ್ಮ ಯಾರಿಗೋ ಪಾಸ್‌ವರ್ಡ್ ಬದಲಿಸುವುದನ್ನು ನಾಲ್ಕನೆಯ ಸಲ ಹೇಳಿಕೊಡುತ್ತಿದ್ದಳು. ಶಿಷ್ಯ ಎದ್ದು ಬಾಗಿಲು ಮುಂದೆ ಮಾಡಿದ.

"ಒಂದು ದಿನಕ್ಕೆ ಅಂತ ಮಾಡಿದ್ದೆ ಅಕ್ಕಾ," ಎಂದ. "ದೇವರಾಣೆ, ಒಂದೇ ದಿನಕ್ಕೆ."

*

ಹೊಸದು ಏನು ಮಾಡಿದರೂ ಮೊದಲು ನಮ್ಮ ಮನೆಯವರ ಮೇಲೆ ಪ್ರಯೋಗ ಮಾಡಬೇಕು, ಊರಿನವರ ಮೇಲಲ್ಲ ಎನ್ನುವುದು ಮೇಷ್ಟ್ರ ನಿಯಮ. ಅದಕ್ಕಾಗಿ ಮನೆಯವರ ಪಟ್ಟಿ ಎಂದು ಒಂದಿತ್ತು. ಮೊದಲ ಹನ್ನೆರಡು ವಿಳಾಸಗಳು, ಎಲ್ಲವೂ ಕಟ್ಟಿದವರದು ಮತ್ತು ಅವರ ಮನೆಮಂದಿಯದು. ಕಟ್ಟೆಯನ್ನು ಪರೀಕ್ಷೆ ಮಾಡಲು ಆ ಪಟ್ಟಿಗೆ ಒಂದು ಗುಂಡಿ ಬೇರೆ ಇಟ್ಟಿದ್ದರು. ಗುಂಡಿ ಒತ್ತಿ ಕಟ್ಟೆ ಮುಚ್ಚಿದರೆ, ಮತ್ತೆ ಕೈಯಿಂದ ಒತ್ತಿ ತೆಗೆಯುವವರೆಗೂ ಪಟ್ಟಿಯವರು ಕಳಿಸಿದ ಕಾಗದ ಕಟ್ಟೆಯಲ್ಲೇ ನಿಲ್ಲುತ್ತದೆ. ಬರೆದವರಿಗೆ ಮಾತ್ರ ಹೋಯಿತು ಎಂದೇ ಕಾಣುತ್ತದೆ.

"ಆ ಸಂಜೆ ಜಗಳ ಆಯ್ತು," ಎಂದ ಶಿಷ್ಯ. "ಬಿಟ್ಟಿ ಕೊಟ್ಟು ಎಷ್ಟು ದಿನ ಅಂತ ನಡೆಸೋದು? ಯಂತ್ರ ಕಾಗದ ಓದಲಿ, ಅದರಲ್ಲಿರೋ ಮಾತಿಗೆ ತಕ್ಕ ಜಾಹೀರಾತು ಪಕ್ಕದಲ್ಲಿ ಹಾಕೋಣ ಅಂದೆ. ಮನುಷ್ಯರು ಓದಲ್ಲ ಮೇಷ್ಟ್ರೇ, ಯಂತ್ರ ಓದೋದು, ಅಂದೆ. ಕಾಗದ ಒಡೆದು ಓದೋದನ್ನ ನಿನಗೆ ನಾನು ಕಲಿಸಲಿಲ್ಲ ಅಂದ್ರು. ನಮ್ಮ ಮೇಲ್ ಉಪಯೋಗಿಸೋ ಎಲ್ಲರಿಗೂ ಬರೆದು ತಿಳಿಸ್ತೀನಿ, ಅವರೇ ತೀರ್ಮಾನ ಮಾಡಲಿ, ಅಂತ ಎದ್ದು ಹೋದ್ರು."

"ನೀವು ಗುಂಡಿ ಮುಚ್ಚಿದ್ರಿ."

"ಸಿಟ್ಟು ಇಳಿದ್ಮೇಲೆ ಅವರೇ ಹಿಂದಕ್ಕೆ ತಗೋತಾರೆ ಅಂದುಕೊಂಡೆ. ಬೆಳಿಗ್ಗೆ ಬಂದು ತೆಗೆಯೋಣ ಅಂತಿದ್ದೆ. ಬೆಳಿಗ್ಗೆ ಬಂದ್ರೆ ಮೇಷ್ಟ್ರು ಕಾಣ್ತಿಲ್ಲ ಅಂತ ಪೊಲೀಸರು ಇಲ್ಲಿ ಕೂತಿದ್ರು.  ತೆಗೆದ್ರೆ ಆ ಕಾಗದ ಊರಿಗೆಲ್ಲ ಹೋಗುತ್ತೆ, ನಮ್ಮಿಬ್ಬರ ಜಗಳ ಬೀದಿಗೆ ಬರುತ್ತೆ. ನಾಳೆ ತೆಗೀತೀನಿ, ನಾಳೆ ತೆಗೀತೀನಿ ಅಂತ... ಆಮೇಲೆ ಆ ಕಡೆ ನೋಡೋದೇ ಬಿಟ್ಟುಬಿಟ್ಟೆ."

"ಈಗ ನೋಡಿ."

ಅವನು ಕೀಲಿಮಣೆ ಹತ್ತಿರ ಎಳೆದುಕೊಂಡ. ತೆರೆಯ ಮೇಲೆ ಒಂದು ಉದ್ದ ಪಟ್ಟಿ ಬಂತು. ಕಾಗದದ ಒಳಗೇನಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಯಾರಿಂದ, ಯಾರಿಗೆ, ಯಾವ ದಿನ, ಅಷ್ಟೇ.

ಮೊದಲ ಸಾಲು, ಮೇಷ್ಟ್ರಿಂದ ಎಲ್ಲರಿಗೂ. ಅದರ ಕೆಳಗೆ ಮೇಷ್ಟ್ರಿಂದ ಹೆಂಡತಿಗೆ. ಮತ್ತೆ ಹೆಂಡತಿಗೆ. ಒಂದನೇ ತಾರೀಖು ತಂಗಿಗೆ. ಮತ್ತೆ ಹೆಂಡತಿಗೆ. ಶಿಷ್ಯನ ಬೆರಳು ಒಂದೊಂದೇ ಸಾಲು ಎಣಿಸುತ್ತಾ ಕೆಳಗಿಳಿಯಿತು. ಹೆಂಡತಿಗೆ ಬರೆದವೇ ಮೂವತ್ತೆಂಟು.

"ಇದೇನಿದು, ನಡುವೆ ಬೇರೆ ಹೆಸರು?" ಎಂದಳು ಟೆಲಿಫೋನಕ್ಕ.

ಶಿಷ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಅಮ್ಮನದು," ಎಂದ. ಮೇಷ್ಟ್ರ ಹೆಂಡತಿಯನ್ನು ಅವನು ಮೊದಲಿಂದಲೂ ಅಮ್ಮ ಎನ್ನುತ್ತಿದ್ದ. "ಅಯ್ಯೋ. ಗುಂಡಿ ಇರೋದು ಇಡೀ ಪಟ್ಟಿಗೆ ಅಕ್ಕಾ, ಒಬ್ಬೊಬ್ಬರಿಗಲ್ಲ. ನಾವೆಲ್ಲ ಹೊಸ ವಿಳಾಸ ಮಾಡ್ಕೊಂಡು ಯಾವತ್ತೋ ಹೊರಗೆ ಬಂದುಬಿಟ್ವಿ. ಮೇಷ್ಟ್ರೊಬ್ಬರೇ ಉಳಿದಿರೋದು ಅಂದುಕೊಂಡಿದ್ದೆ. ಅಮ್ಮನೂ ಅದರಲ್ಲೇ ಇದ್ದಾರೆ ಅನ್ನೋದು ಮರೆತೇಹೋಗಿತ್ತು."

ಟೆಲಿಫೋನಕ್ಕ ಎಣಿಸಿದಳು. ಹೆಂಡತಿಯಿಂದ ಮೇಷ್ಟ್ರಿಗೆ, ಹತ್ತೊಂಬತ್ತು.

ಆ ಸಂಜೆ ಮನೆಯಲ್ಲೂ ಮಾತಿಗೆ ಮಾತು ಬೆಳೆದಿತ್ತು. ಊರಿಗೆಲ್ಲ ಬಿಟ್ಟಿ ದುಡಿದಿದ್ದು ಸಾಕು ಎಂದು ಹೆಂಡತಿಯೂ ಶಿಷ್ಯನ ಪರವೇ ಮಾತಾಡಿದ್ದಳು. ಹೋಗಿ ಬರುತ್ತೇನೆ ಎಂದು ಬಾಗಿಲಲ್ಲಿ ನಿಂತವರಿಗೆ ಬರುವುದು ಬೇಡ ಎಂದಿದ್ದಳು. ಇದನ್ನು ಅವಳೇ ಮೊದಲ ದಿನ ಟೆಲಿಫೋನಕ್ಕನಿಗೆ ಹೇಳಿದ್ದಳು. ಬರುವುದು ಬೇಡ ಎಂದವಳು ಯಾವ ಮುಖ ಇಟ್ಟುಕೊಂಡು ಬರೆಯಲಿ, ನಾನು ಒಂದು ಸಾಲೂ ಬರೆದಿಲ್ಲ ಎಂದೂ ಹೇಳಿದ್ದಳು.

"ಕೊನೇದು ಯಾವತ್ತಿನದು?"

ಶಿಷ್ಯ ಪಟ್ಟಿಯ ತಳಕ್ಕೆ ಹೋದ. ಮೇಷ್ಟ್ರಿಂದ ಹೆಂಡತಿಗೆ. ದಿನ ಇವತ್ತಿನದು. ಹೊತ್ತು ಹನ್ನೆರಡೂ ಐವತ್ತು. ಗೋಡೆಯ ಗಡಿಯಾರ ಎರಡು ಗಂಟೆ ಐದು ನಿಮಿಷ ತೋರಿಸುತ್ತಿತ್ತು.

"ಎಲ್ಲಿಂದ ಬರೆದಿದ್ದಾರೆ ಅಂತ ಗೊತ್ತಾಗುತ್ತಾ?"

"ಇಲ್ಲ. ಯಾರು ಎಲ್ಲಿ ಕೂತು ತೆಗೆದ್ರು ಅಂತ ನಾವು ಬರೆದಿಡಲ್ಲ. ಅದೂ ಮೇಷ್ಟ್ರದ್ದೇ ನಿಯಮ."

"ಹಾಗಾದ್ರೆ ಗುಂಡಿ ತೆಗೀರಿ. ಅವರ ಹೆಂಡತಿ ಓದಲಿ."

ಶಿಷ್ಯ ಎರಡೂ ಕೈ ಮಡಿಲಿಗೆ ಎಳೆದುಕೊಂಡ.

"ಒಂದೊಂದೇ ಬಿಡೋಕೆ ಬರಲ್ಲ ಅಕ್ಕಾ. ತೆಗೆದ್ರೆ ಎಲ್ಲಾ ಹೋಗುತ್ತೆ. ಮೊದಲನೇ ಸಾಲು ನೋಡಿದ್ರಲ್ಲ. ಅದೂ ಹೋಗುತ್ತೆ."

"ಹೋದ್ರೆ?"

"ಎಂಟು ತಿಂಗಳಿಂದ ಯಂತ್ರ ಕಾಗದ ಓದ್ತಾ ಇದೆ. ಯಾರಿಗೂ ಹೇಳಿಲ್ಲ. ಮೇಷ್ಟ್ರ ಕಾಗದ ಹೋದ್ರೆ ನಾಳೆ ಬೆಳಿಗ್ಗೆ ಇಲ್ಲಿ ಒಬ್ಬರೂ ಇರಲ್ಲ. ಹೊರಗೆ ಅರವತ್ತು ಜನ ಕೆಲಸ ಮಾಡ್ತಾರೆ. ನನ್ನ ಅರ್ಧ ಆಯಸ್ಸು ಇದರಲ್ಲೇ ಹೋಗಿದೆ."

"ಕಂಪನಿ ನಿಮ್ಮದು, ಕೈ ನಿಮ್ಮದು," ಎಂದಳು ಟೆಲಿಫೋನಕ್ಕ ಏಳುತ್ತಾ. "ನಾನು ಒತ್ತಿ ಅಂತ ಬಲವಂತ ಮಾಡಲ್ಲ. ಅವಳನ್ನ ಒಳಗೆ ಕರೀತೀನಿ. ಒತ್ತಲ್ಲ ಅನ್ನೋದನ್ನ ಅವಳ ಮುಖ ನೋಡ್ಕೊಂಡು ಹೇಳಿ. ನನಗೆ ಬೇಡ."

"ಅಕ್ಕಾ, ಅದೊಂದು ಮಾತ್ರ..."

ಟೆಲಿಫೋನಕ್ಕ ಬಾಗಿಲು ತೆರೆದಾಗಿತ್ತು.

*

ಮೇಷ್ಟ್ರ ಹೆಂಡತಿ ಏಪ್ರನ್ನಿನ ತುದಿಗೆ ಕೈ ಒರೆಸುತ್ತಾ ಬಂದಳು. ಶಿಷ್ಯನನ್ನು ನೋಡಿ ಅಭ್ಯಾಸದಿಂದಲೇ, "ಇದೇನೋ ಇಷ್ಟು ಇಳಿದುಹೋಗಿದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣಲ್ವಾ?" ಎಂದಳು.

ಓದುವ ದಿನಗಳಲ್ಲಿ ಮೂರು ವರ್ಷ ಅವನು ಅವಳ ಕೈಯ ಊಟ ಉಂಡಿದ್ದ. ಈಗ ತಲೆ ಎತ್ತಲಿಲ್ಲ.

ಟೆಲಿಫೋನಕ್ಕ ಅವಳನ್ನು ತೆರೆಯ ಮುಂದೆ ಕೂರಿಸಿ, ನಡೆದದ್ದನ್ನು ಸುತ್ತಿಬಳಸದೆ ಹೇಳಿದಳು. ಅವಳು ಪಟ್ಟಿ ಓದುತ್ತಾ ಹೋದಳು. ಗಂಡನಿಂದ ತನಗೆ ಮೂವತ್ತೆಂಟು ಸಲ. ಅದರ ನಡುನಡುವೆ ತನ್ನ ಹೆಸರು. ಒಂದೇ ಓಣಿಯ ಎರಡು ಮನೆಯವರು ಎದುರುಬದುರು ನಿಂತು, ಕದ ಮುಚ್ಚಿಕೊಂಡೇ ಕರೆದ ಹಾಗಿತ್ತು.

ತನ್ನ ಹೆಸರು ಕಂಡಲ್ಲಿ ಅವಳು ತಟ್ಟನೆ ಅಂಗೈ ಅಡ್ಡ ಹಿಡಿದಳು, ಯಾರೋ ನೋಡಿಬಿಟ್ಟಾರು ಎನ್ನುವಂತೆ.

"ಅಕ್ಕಾ, ನಾನು ಬರೆದೇ ಇಲ್ಲ ಅಂತ ನಿಮಗೆ ಸುಳ್ಳು ಹೇಳಿದ್ದೆ."

"ಗೊತ್ತಾಯ್ತು ಬಿಡು ತಾಯಿ."

"ಮೊದಲನೇ ವಾರವೇ ಬರೆದೆ. ಬನ್ನಿ ಅಂತ. ಉತ್ತರ ಬರಲಿಲ್ಲ. ಇನ್ನೊಂದು ಬರೆದೆ. ಹತ್ತೊಂಬತ್ತು ಸಲ ಕರೆದರೂ ಗಂಡ ಬರಲಿಲ್ಲ ಅಂತ ಯಾರ ಹತ್ತಿರ ಹೇಳ್ಕೊಳ್ಳಲಿ?" ಅವಳು ಅಂಗೈ ತೆಗೆದು ಮತ್ತೆ ಪಟ್ಟಿ ನೋಡಿದಳು. "ಅವರಿಗೂ ಹಾಗೇ ಅನ್ನಿಸಿರುತ್ತೆ ಅಲ್ವಾ? ಮೂವತ್ತೆಂಟು ಸಲ."

 ಅವಳು ಶಿಷ್ಯನ ಕಡೆ ತಿರುಗಿದಳು. ಬೈಯುತ್ತಾಳೆ ಎಂದು ಅವನು ಭುಜ ಕುಗ್ಗಿಸಿ ಕೂತಿದ್ದ.

"ನನಗೆ ಹೇಳಬಹುದಿತ್ತಲ್ಲೋ," ಎಂದಳು ಅಷ್ಟೇ. "ಮಾರನೇ ದಿನ ಬಂದು ಅಮ್ಮಾ ಹೀಗಾಯ್ತು ಅಂದಿದ್ರೆ ನಾನೇನು ನಿನ್ನ ನುಂಗಿಬಿಡ್ತಿದ್ನಾ?"

ಶಿಷ್ಯ ಕೀಲಿಮಣೆಯ ಮೇಲೆ ಬಾಗಿ ಯಂತ್ರಕ್ಕೆ ಎರಡು ಸಾಲು ಆಜ್ಞೆ ಬರೆದ. ಒಮ್ಮೆ ನಿಂತ. ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದ.

ತೆರೆಯ ಪಟ್ಟಿ ಮೇಲಿನಿಂದ ಒಂದೊಂದೇ ಸಾಲು ಖಾಲಿಯಾಗುತ್ತಾ ಬಂತು. ಹನ್ನೊಂದು ತಿಂಗಳು ನಿಂತಿದ್ದದ್ದು ಒಂದು ನಿಮಿಷವೂ ಹಿಡಿಯಲಿಲ್ಲ.

ಅರ್ಧ ಗಳಿಗೆ ಕಳೆದಿತ್ತೋ ಇಲ್ಲವೋ, ಹೊರಗೆ ದೂರಿನಮ್ಮನ ಮೊದಲ ಫೋನು ಬಡಿದುಕೊಂಡಿತು. ಅದರ ಹಿಂದೆಯೇ ಎರಡನೆಯದು. "ಏನು ಕಾಗದ ಸಾರ್? ಯಾರು ಓದ್ತಾರೆ? ನನಗೇನೂ ಗೊತ್ತಿಲ್ಲಪ್ಪಾ!" ಎನ್ನುವ ಅವಳ ದನಿ ಬಾಗಿಲು ದಾಟಿ ಬಂತು. ಶಿಷ್ಯ ಆ ಕಡೆ ತಿರುಗಲಿಲ್ಲ.

ಮೇಷ್ಟ್ರ ಹೆಂಡತಿ ತನ್ನ ಪೆಟ್ಟಿಗೆ ತೆರೆದು ಮೊದಲ ಕಾಗದದಿಂದಲೇ ಶುರು ಮಾಡಿದಳು. ಕೊನೆಯದನ್ನು ಮೊದಲು ಓದು ಎಂದು ಟೆಲಿಫೋನಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಆ ಮುಖ ನೋಡಿ ಹೇಳಲಾಗಲಿಲ್ಲ. ಮೇಷ್ಟ್ರು ಊರಿನ ಹೆಸರು ಎಲ್ಲೂ ಬರೆದಿರಲಿಲ್ಲ. ಯಾಕೆಂದು ನಾಲ್ಕನೆಯ ಕಾಗದದಲ್ಲಿತ್ತು. ಅದನ್ನವಳು ಗಟ್ಟಿಯಾಗಿಯೇ ಓದಿದಳು.

"'ಎಲ್ಲಿದ್ದೇನೆಂದು ಬರೆದರೆ ನೀನು ಬರಲೇಬೇಕು ಎಂದಾಗುತ್ತದೆ. ನಿನಗೆ ಹಾಗೆ ಕಷ್ಟ ಕೊಡುವುದು ಬೇಡ. ಬಾ ಎಂದು ಒಂದು ಮಾತು ಬರೆ. ನಾನೇ ಬರುತ್ತೇನೆ.'"

ಓದಿ ಮುಗಿಸಿ, "ಅದನ್ನೇ ಬರೆದಿದ್ದೆ ಕಣ್ರೀ," ಎಂದಳು ತೆರೆಗೆ. "ಅದೊಂದೇ ಮಾತು ಬರೆದಿದ್ದೆ."

ಮುಂದಿನವುಗಳಲ್ಲಿ ಅವರ ಕೆಮ್ಮಿನ ಸುದ್ದಿ ಇತ್ತು. ಒಂದು ಕೋಣೆಯ ಮನೆ, ಸೋರುವ ನಲ್ಲಿ, ಸಂಜೆ ಹೇಳಿಕೊಡುವ ಲೆಕ್ಕದ ಪಾಠ. ನಿನ್ನ ಬೆನ್ನುನೋವು ಹೇಗಿದೆ, ಲ್ಯಾಬಿನಲ್ಲಿ ಬಗ್ಗಿ ಕೂರಬೇಡ ಎಂದು ಏಳು ಕಡೆ ಬರೆದಿದ್ದರು. ಅವಳು ಒಂದನ್ನೂ ಬಿಡಲಿಲ್ಲ. ಗಡಿಯಾರದ ಕಡೆ ಟೆಲಿಫೋನಕ್ಕ ಮೂರು ಸಲ ನೋಡಿದಳು.

ಕೊನೆಯದಕ್ಕೆ ಬಂದಾಗ ಅವಳ ದನಿ ನಿಧಾನವಾಯಿತು.

"'ನಿನ್ನ ಕಾಗದವನ್ನು ನೀನು ಕಳಿಸಿದವರು ನಿನ್ನೆ ಕೈಗೇ ತಂದುಕೊಟ್ಟರು. ಇಷ್ಟು ತಿಂಗಳಾದ ಮೇಲೆ ನಿನ್ನ ಮಾತು ತಲುಪಿತಲ್ಲ, ಅದೇ ಸಾಕು. ನೀನು ಹೇಳಿದ ಕಡೆಯೆಲ್ಲ ಸಹಿ ಹಾಕಿದ್ದೇನೆ. ಅದರಲ್ಲಿ ಏನಿದೆ ಎಂದು ಓದಲಿಲ್ಲ. ನೀನು ಹೇಳಿದ ಮೇಲೆ ಓದುವುದೇನು? ಇವತ್ತು ಮೂರು ಗಂಟೆಗೆ ಅವರ ಕಾರಿನಲ್ಲಿ ಹೊರಡುತ್ತೇನೆ. ನೀನು ಕಾಯುತ್ತಿರುವ ಕಡೆಗೇ ಕರೆದುಕೊಂಡು ಬರುತ್ತಾರಂತೆ.'"

ಅವಳು ಮತ್ತೆ ಮೊದಲಿಂದ ಓದಿದಳು, ಈ ಸಲ ತುಟಿ ಮಾತ್ರ ಆಡಿಸುತ್ತಾ. ಆಮೇಲೆ ಟೆಲಿಫೋನಕ್ಕನ ತೋಳು ಹಿಡಿದುಕೊಂಡಳು.

"ನಾನು ಯಾರನ್ನೂ ಕಳಿಸಿಲ್ಲ ಅಕ್ಕಾ. ಯಾರ ಕೈಗೂ ಕಾಗದ ಕೊಟ್ಟಿಲ್ಲ. ಅವರು ಎಲ್ಲಿದ್ದಾರೆ ಅಂತಲೇ ನನಗೆ ಗೊತ್ತಿಲ್ಲವಲ್ಲ!"

"ಬರಿ," ಎಂದಳು ಟೆಲಿಫೋನಕ್ಕ. "ಈಗಲೇ ಬರಿ. ಹೋಗಬೇಡಿ ಅಂತ. ಅವರು ಪೆಟ್ಟಿಗೆ ಇನ್ನೊಂದು ಸಲ ತೆಗೆದರೆ ನಮ್ಮ ಪುಣ್ಯ."

ಅವಳ ಬೆರಳು ಅಕ್ಷರ ಹುಡುಕಾಡುತ್ತಿದ್ದಾಗ ಟೆಲಿಫೋನಕ್ಕ ಶಿಷ್ಯನ ಕಡೆ ನೋಡಿದಳು. ಅವನು ಕುರ್ಚಿ ಬಿಟ್ಟು ಎದ್ದಿದ್ದ.

"ಸಹಿ ಅಂದ್ರೆ..." ಎಂದ. "ಮೇಷ್ಟ್ರ ಸಹಿ ಇಲ್ಲದೆ ನಡೆಯದೇ ಇರೋ ಕಾಗದ ಒಂದೇ ಇರೋದು. ಕಂಪನಿಯಲ್ಲಿ ಅವರ ಪಾಲನ್ನ ಬಿಟ್ಟುಕೊಡೋ ಪತ್ರ. ಬರೆಸಿದ್ದು ನಾನೇ, ಸುಳ್ಳು ಹೇಳಲ್ಲ. ಆದ್ರೆ ಉಪಯೋಗಿಸಲಿಲ್ಲ ಅಕ್ಕಾ. ಅವರು ವಾಪಸ್ ಬಂದ್ರೆ ಅವರೆದುರಿಗೇ ಹರಿದುಹಾಕೋಣ ಅಂತ ಇಟ್ಟಿದ್ದೆ. ಇಲ್ಲೇ ಇದೆ, ನನ್ನ ಬೀರುವಿನಲ್ಲಿ."

ಸೊಂಟದಿಂದ ಬೀಗದ ಕೈ ತೆಗೆದು ಬೀರು ತೆರೆದ. ಮೇಲಿನ ಅರೆ, ಕೆಳಗಿನ ಅರೆ, ಒಳಗಿನ ಖಾನೆ. ಕೆಂಪು ದಾರ ಕಟ್ಟಿದ್ದ ಫೈಲು ಕೈಗೆ ಬಂತು. ದಾರ ಕಟ್ಟಿದ ಹಾಗೇ ಇತ್ತು. ಬಿಚ್ಚಿದ.

ಒಳಗೆ ಬರಿಯ ಬಿಳಿ ಹಾಳೆಗಳಿದ್ದವು.

"ಈ ಬೀಗದ ಕೈ ಇನ್ನೊಂದು ಯಾರ ಹತ್ತಿರ ಇದೆ?" ಎಂದು ಟೆಲಿಫೋನಕ್ಕ ಕೇಳಿದಳು.

ಶಿಷ್ಯ ಫೈಲು ಹಿಡಿದುಕೊಂಡೇ, ಕೀಲಿಮಣೆಯ ಮೇಲೆ ಬಾಗಿದ್ದ ಹೆಂಗಸಿನ ಬೆನ್ನು ನೋಡಿದ. ಅವನ ಕಣ್ಣಿನಲ್ಲಿ ಅನುಮಾನಕ್ಕಿಂತ ದುಃಖವೇ ಹೆಚ್ಚಿತ್ತು.

"ಅಮ್ಮನ ಹತ್ತಿರ," ಎಂದ. "ಇದು ಮೊದಲು ಮೇಷ್ಟ್ರ ಮನೆಯ ಬೀರು. ಬೇರೆ ಯಾರ ಹತ್ತಿರವೂ ಇಲ್ಲ."

ಗಡಿಯಾರದಲ್ಲಿ ಮೂರಕ್ಕೆ ಹನ್ನೆರಡು ನಿಮಿಷವಿತ್ತು.